ಹೋಟೆಲ್ ಅತಿಥಿಗಳ ಸಮೀಕ್ಷೆಗೆ ನಾನೂರು ಉತ್ತರಗಳು ಸಾಕೇ? (ಪ್ರಶ್ನೋತ್ತರ)

ಪ್ರಶ್ನೆ:
ಮೇಡಂ, ನಮಸ್ಕಾರ. ನಾನು ಪ್ರವಾಸೋದ್ಯಮ ವಿಷಯದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ಹೋಟೆಲಿನ ಸೇವಾ ಗುಣಮಟ್ಟಕ್ಕೂ ಅತಿಥಿಗಳು ಮತ್ತೆ ಅಲ್ಲಿಗೇ ಬಂದು ತಂಗುವುದಕ್ಕೂ ಇರುವ ಸಂಬಂಧವನ್ನು ಅಧ್ಯಯನ ಮಾಡಬೇಕೆಂದಿದ್ದೇನೆ. ಸೇವೆಯ ಗುಣಮಟ್ಟವನ್ನು ಅಳೆಯುವ ಸರ್ವ್‌ಕ್ವಾಲ್ ಮಾಪಕದ 22 ಹೇಳಿಕೆಗಳ ಜೊತೆಗೆ ತೃಪ್ತಿಯ ಬಗ್ಗೆ ಮತ್ತು ಮತ್ತೆ ಬರುವ ಉದ್ದೇಶದ ಬಗ್ಗೆ ಕೆಲವು ಪ್ರಶ್ನೆಗಳನ್ನು ಸೇರಿಸಿ ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದೇನೆ. ಕೆಲವು ಹೋಟೆಲುಗಳು ಒಪ್ಪಿಗೆ ಕೊಟ್ಟಿವೆ. ಚೆಕ್‌ಔಟ್ ವೇಳೆಯಲ್ಲಿ ಫ್ರಂಟ್ ಆಫೀಸ್ ಸಿಬ್ಬಂದಿಯೇ ಹಾಳೆ ಕೊಟ್ಟು ತುಂಬಿಸಿಕೊಳ್ಳುವುದಾಗಿ ಹೇಳಿದ್ದಾರೆ. ಕಡಿಮೆ ಬಿದ್ದದ್ದನ್ನು ಸಂಜೆ ಹೋಟೆಲಿನ ರೆಸ್ಟೋರೆಂಟಿನಲ್ಲಿ ಕುಳಿತ ಅತಿಥಿಗಳಿಂದ ನಾನೇ ಸಂಗ್ರಹಿಸುತ್ತೇನೆ. ಒಟ್ಟು 400 ಉತ್ತರಗಳು ಸಾಕಾಗುತ್ತವೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ:
ನಮಸ್ಕಾರ. ಹೋಟೆಲ್ ಮತ್ತು ಪ್ರವಾಸೋದ್ಯಮ ಸಂಶೋಧನೆಗಳಲ್ಲಿ 400 ಅಥವಾ 384 ಎಂಬ ಸಂಖ್ಯೆ ಪದೇ ಪದೇ ಕಾಣಿಸಿಕೊಳ್ಳಲು ಕಾರಣವಿದೆ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ವಿದ್ವಾಂಸರು ಪ್ರಕಟಿಸಿದ ಕೋಷ್ಟಕದಲ್ಲಿ, ಹತ್ತು ಲಕ್ಷದಷ್ಟು ದೊಡ್ಡ ಸಮೂಹಕ್ಕೂ 384 ಮಂದಿಯ ಮಾದರಿ ಸಾಕೆಂದು ತೋರಿಸಲಾಗಿದೆ. ಆದರೆ ಸಮೂಹದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮನಾಗಿದ್ದಾಗ ಮಾತ್ರ ಆ ಲೆಕ್ಕಕ್ಕೆ ಬೆಲೆ. ಕೌಂಟರಿನ ಸಿಬ್ಬಂದಿ ತಮಗೆ ತೋಚಿದವರಿಗೆ ಹಾಳೆ ಕೊಟ್ಟರೆ, 400 ಇರಲಿ 4,000 ಇರಲಿ, ಆ ಕೋಷ್ಟಕ ನಿಮ್ಮ ನೆರವಿಗೆ ಬರುವುದಿಲ್ಲ. ಬಿಲ್ ವಿಷಯಕ್ಕೆ ವಾದ ಮಾಡಿ ಮುಖ ಗಂಟಿಕ್ಕಿಕೊಂಡು ನಿಂತ ಅತಿಥಿಯ ಕೈಗೆ ಯಾವ ಸಿಬ್ಬಂದಿಯೂ ಪ್ರಶ್ನಾವಳಿ ಕೊಡುವುದಿಲ್ಲ. ನಿಮ್ಮ ಅಧ್ಯಯನಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದವರು ಅವರೇ. ಆದ್ದರಿಂದ ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಯಾರು ನಿಮ್ಮ ಮಾದರಿಯೊಳಗೆ ಬರುತ್ತಾರೆ ಮತ್ತು ಅವರಿಂದ ನೀವು ಏನನ್ನು ಅಳೆಯುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲನೆಯದಕ್ಕೆ ಒಂದು ಲೆಕ್ಕ ನೋಡಿ. ಹೋಟೆಲೊಂದಕ್ಕೆ ದಿನವೂ ಒಂದು ರಾತ್ರಿ ತಂಗುವ 10 ಮಂದಿಯೂ ನಾಲ್ಕು ರಾತ್ರಿ ತಂಗುವ 10 ಮಂದಿಯೂ ಬರುತ್ತಾರೆಂದು ಇಟ್ಟುಕೊಳ್ಳೋಣ. ಬರುವವರಲ್ಲಿ ಅರ್ಧದಷ್ಟು ಜನ ಒಂದೇ ರಾತ್ರಿಯವರು. ಸರಾಸರಿ ವಾಸ್ತವ್ಯ ಎರಡೂವರೆ ರಾತ್ರಿ. ಆದರೆ ಯಾವುದೇ ಸಂಜೆ ಹೋಟೆಲಿನೊಳಗೆ ಇರುವವರನ್ನು ಎಣಿಸಿದರೆ, ಒಂದು ರಾತ್ರಿಯವರು 10, ನಾಲ್ಕು ರಾತ್ರಿಯವರು 40 ಸಿಗುತ್ತಾರೆ. ನೀವು ರೆಸ್ಟೋರೆಂಟಿನಲ್ಲಿ ಸಂಗ್ರಹಿಸುವ ಉತ್ತರಗಳಲ್ಲಿ ಶೇ 80ರಷ್ಟು ಹೆಚ್ಚು ದಿನ ತಂಗುವವರದ್ದಾಗುತ್ತದೆ, ಸರಾಸರಿ ವಾಸ್ತವ್ಯ 3.4 ರಾತ್ರಿ ಎಂದು ತಪ್ಪಾಗಿ ಬರುತ್ತದೆ. ಹೆಚ್ಚು ದಿನ ಇರುವವರು ಹೋಟೆಲನ್ನು ಮೆಚ್ಚಿದವರೂ ಆಗಿರುವ ಸಂಭವ ಹೆಚ್ಚಾದ್ದರಿಂದ ತೃಪ್ತಿಯ ಅಂಕವೂ ಮೇಲಕ್ಕೇರುತ್ತದೆ. ಚೆಕ್‌ಔಟ್‌ನಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಎಷ್ಟು ದಿನ ತಂಗಿದವರೇ ಆಗಲಿ, ಹೊರಡುವುದು ಒಂದೇ ಸಲ. ಹಾಗಾಗಿ ರೆಸ್ಟೋರೆಂಟಿನ ಯೋಜನೆಯನ್ನು ಕೈಬಿಡಿ. ಚೆಕ್‌ಔಟ್ ಆಗುವವರಲ್ಲಿ ಪ್ರತಿ ಐದನೆಯವರು ಅಥವಾ ಪ್ರತಿ ಏಳನೆಯವರು ಎಂಬಂತೆ ನಿಯಮವೊಂದನ್ನು ಮೊದಲೇ ಗೊತ್ತುಮಾಡಿ, ಹಾಳೆಯನ್ನು ನೀವೇ ಕೊಡಿ, ನಿರಾಕರಿಸಿದವರ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ನಿಮ್ಮ ವಿಷಯ ಅತಿಥಿಗಳು ಮತ್ತೆ ಬರುವುದರ ಕುರಿತಾದದ್ದು. ನೀವು ಅಳೆಯುತ್ತಿರುವುದು ಮಾತ್ರ ಮತ್ತೆ ಬರುತ್ತೇನೆಂದು ಅವರು ಹೇಳುವುದನ್ನು. ಇವೆರಡರ ನಡುವೆ ಎಷ್ಟು ಅಂತರವಿರಬಲ್ಲದೆಂಬುದನ್ನು ತೋರಿಸಿದ ಬಹಳ ಹಳೆಯ ಅಧ್ಯಯನವೊಂದು ಹೋಟೆಲುಗಳಲ್ಲಿಯೇ ನಡೆದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ, ಚೀನೀಯರ ವಿರುದ್ಧ ಅಲ್ಲಿ ಬಲವಾದ ಪೂರ್ವಗ್ರಹವಿದ್ದ ಕಾಲದಲ್ಲಿ, ಒಂದು ಚೀನೀ ದಂಪತಿಯೊಂದಿಗೆ ಆ ದೇಶದ ಉದ್ದಗಲಕ್ಕೂ ಪ್ರಯಾಣ ಮಾಡಿದರು. ಅವರು ಹೋದ ಹೋಟೆಲು, ವಸತಿಗೃಹ, ಉಪಾಹಾರಗೃಹಗಳು ಒಟ್ಟು 251. ಸೇವೆ ನಿರಾಕರಿಸಿದ್ದು ಒಂದೇ ಒಂದು ಕಡೆ. ಸುಮಾರು ಆರು ತಿಂಗಳು ಬಿಟ್ಟು ಅದೇ ಸಂಸ್ಥೆಗಳಿಗೆ, ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ ಎಂಬ ಪ್ರಶ್ನಾವಳಿ ಕಳುಹಿಸಿದಾಗ, ಉತ್ತರಿಸಿದ 128 ಸಂಸ್ಥೆಗಳಲ್ಲಿ ಶೇ 90ಕ್ಕೂ ಹೆಚ್ಚು ಇಲ್ಲವೆಂದವು. 1934ರಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆ ಆಕ್ಷೇಪಗಳೂ ಇವೆ: ಪತ್ರಕ್ಕೆ ಉತ್ತರ ಬರೆದವರೂ ಬಾಗಿಲಲ್ಲಿ ಬರಮಾಡಿಕೊಂಡವರೂ ಒಬ್ಬರೇ ಎಂದು ಹೇಳುವಂತಿಲ್ಲ, ಎದುರಿಗೆ ನಿಂತ ಸಭ್ಯ ದಂಪತಿಯೂ ಕಾಗದದ ಮೇಲಿನ ಸಮುದಾಯದ ಹೆಸರೂ ಒಂದೇ ಅಲ್ಲ. ಆ ಆಕ್ಷೇಪಗಳನ್ನು ಒಪ್ಪಿಕೊಂಡ ಮೇಲೂ, ಪ್ರಶ್ನಾವಳಿಯ ಉತ್ತರವನ್ನೇ ವರ್ತನೆಯೆಂದು ಬರೆಯಲು ಯಾವ ಸಂಶೋಧಕರಿಗೂ ಧೈರ್ಯ ಬರಬಾರದು.

ನಿಮ್ಮ ಪ್ರಶ್ನಾವಳಿಯಲ್ಲಿ ಇನ್ನೊಂದು ತೊಡಕಿದೆ. ತೃಪ್ತಿಯ ಪ್ರಶ್ನೆಯನ್ನೂ ಮತ್ತೆ ಬರುವ ಉದ್ದೇಶದ ಪ್ರಶ್ನೆಯನ್ನೂ ಒಬ್ಬರೇ, ಒಂದೇ ಹಾಳೆಯಲ್ಲಿ, ಟ್ಯಾಕ್ಸಿ ಕಾಯುತ್ತಿರುವ ಹೊತ್ತಿನಲ್ಲಿ ತುಂಬುತ್ತಾರೆ. ಮೇಲಿನ ಸಾಲಿನಲ್ಲಿ 4ಕ್ಕೆ ಗುರುತು ಹಾಕಿದ ಕೈ ಕೆಳಗಿನ ಸಾಲಿನಲ್ಲೂ 4ಕ್ಕೇ ಹಾಕುತ್ತದೆ. ಆಮೇಲೆ ಗಣಕದಲ್ಲಿ ಬರುವ ಬಲವಾದ ಸಹಸಂಬಂಧದಲ್ಲಿ ಎಷ್ಟು ಪಾಲು ಸೇವೆಯದ್ದು, ಎಷ್ಟು ಪಾಲು ಆ ಅವಸರದ್ದು ಎಂದು ಬೇರ್ಪಡಿಸುವುದು ಬಹಳ ಕಷ್ಟ. ತೃಪ್ತಿಯನ್ನು ಪ್ರಶ್ನಾವಳಿಯಿಂದ ಪಡೆಯಿರಿ. ಮತ್ತೆ ಬಂದರೋ ಇಲ್ಲವೋ ಎಂಬುದನ್ನು, ಅತಿಥಿಯ ಲಿಖಿತ ಸಮ್ಮತಿಯೊಂದಿಗೆ, ಹೋಟೆಲಿನ ಬುಕಿಂಗ್ ದಾಖಲೆಯಿಂದ ಪಡೆಯಿರಿ.

ಮರುಪ್ರಶ್ನೆ:
ತುಂಬಾ ಧನ್ಯವಾದಗಳು, ಮೇಡಂ. ಆದರೆ ಬುಕಿಂಗ್ ದಾಖಲೆಯನ್ನು ಕೊಡಲು ಹೋಟೆಲುಗಳು ಹಿಂಜರಿಯುತ್ತವೆ. ಅನುದಾನವಿಲ್ಲದ ವಿದ್ಯಾರ್ಥಿಯೊಬ್ಬ ಅತಿಥಿಗಳ ವರ್ತನೆಯನ್ನು ನೇರವಾಗಿ ಅಳೆಯುವುದು ಸಾಧ್ಯವೇ?

ಉತ್ತರ:
ಸಾಧ್ಯ, ಅಂಥ ಅಧ್ಯಯನಗಳು ನಡೆದಿವೆ. ಗೋಲ್ಡ್‌ಸ್ಟೈನ್, ಸಿಯಾಲ್ಡಿನಿ ಮತ್ತು ಗ್ರಿಸ್ಕೆವಿಸಿಯಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಬೇಕಾಗಿದ್ದು ಸ್ನಾನಗೃಹದಲ್ಲಿ ಇಡುವ ಒಂದು ಕಾರ್ಡ್ ಮತ್ತು ಕೊಠಡಿ ಶುಚಿಗೊಳಿಸುವ ಸಿಬ್ಬಂದಿಯ ಸಹಕಾರ. ಪರಿಸರವನ್ನು ಉಳಿಸಲು ಟವೆಲನ್ನು ಮತ್ತೆ ಬಳಸಿ ಎಂದು ಕೋರಿದ ಕಾರ್ಡಿದ್ದ ಕೊಠಡಿಗಳಲ್ಲಿ ಸುಮಾರು ಶೇ 35 ಅತಿಥಿಗಳು ಹಾಗೆ ಮಾಡಿದರು. ಇಲ್ಲಿ ತಂಗುವ ಬಹುಪಾಲು ಅತಿಥಿಗಳು ಟವೆಲನ್ನು ಮತ್ತೆ ಬಳಸುತ್ತಾರೆ ಎಂದು ತಿಳಿಸಿದ ಕಾರ್ಡಿದ್ದಲ್ಲಿ ಸುಮಾರು ಶೇ 44. ಇದೇ ಕೊಠಡಿಯಲ್ಲಿ ತಂಗಿದ್ದವರು ಹಾಗೆ ಮಾಡಿದ್ದಾರೆ ಎಂದು ತಿಳಿಸಿದಾಗ, ಎರಡನೆಯ ಪ್ರಯೋಗದಲ್ಲಿ ಅದು ಸುಮಾರು ಶೇ 49ಕ್ಕೆ ಮುಟ್ಟಿತು.

ಈ ಅಂಕಿಗಳಿಗಿಂತ ಹೆಚ್ಚಾಗಿ ನೀವು ಅಲ್ಲಿ ಅಳತೆ ಮಾಡಿದ ಬಗೆಯನ್ನು ಗಮನಿಸಬೇಕು. ಅತಿಥಿಯೊಬ್ಬರು ಎಷ್ಟು ದಿನ ತಂಗಿದರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅವರಿಗೆ ಅವಕಾಶ ಸಿಕ್ಕ ಮೊದಲ ದಿನವನ್ನು ಮಾತ್ರ. ಇಲ್ಲದಿದ್ದರೆ ಹೆಚ್ಚು ದಿನ ತಂಗಿದವರೇ ಮತ್ತೆ ಲೆಕ್ಕವನ್ನು ಎಳೆದುಬಿಡುತ್ತಿದ್ದರು. ಬಾಗಿಲಿನ ಹಿಡಿಗೋ ಕೊಕ್ಕೆಗೋ ನೇತುಹಾಕಿದ ಟವೆಲನ್ನು ಮರುಬಳಕೆಯೆಂದು ಎಣಿಸಲಿಲ್ಲ. ಹಾಗೆ ನೇತುಹಾಕುವವರಲ್ಲಿ ಮರುಬಳಕೆಯ ಮನಸ್ಸಿದ್ದವರೂ ಇರುತ್ತಾರೆಂದು ಗೊತ್ತಿದ್ದೂ, ನಿಜವಾದ ಪ್ರಮಾಣ ಕಡಿಮೆಯಾಗಿ ಕಂಡರೂ ಪರವಾಗಿಲ್ಲವೆಂದು ಕಟ್ಟುನಿಟ್ಟಿನ ನಿಯಮವನ್ನೇ ಇಟ್ಟುಕೊಂಡರು. ಇಂತಹ ಸಣ್ಣ ತೀರ್ಮಾನಗಳನ್ನು ಓದುಗರಿಗೆ ತೆರೆದು ತೋರಿಸುವ ಪ್ರಾಮಾಣಿಕತೆಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ. 2014ರಲ್ಲಿ ಜರ್ಮನಿಯ ಹೋಟೆಲುಗಳಲ್ಲಿ ಇದನ್ನೇ ಮತ್ತೆ ನಡೆಸಿದಾಗ, ಸಾಮಾನ್ಯ ಕಾರ್ಡಿಗಿಂತ ಇತರ ಅತಿಥಿಗಳ ವರ್ತನೆಯನ್ನು ತಿಳಿಸುವ ಕಾರ್ಡು ಮೇಲು ಎಂಬ ಫಲಿತಾಂಶ ಹಾಗೆಯೇ ಮರುಕಳಿಸಲಿಲ್ಲ. ಆದ್ದರಿಂದ ಇನ್ನೊಂದು ಕಡೆ ಇದೇ ಪ್ರಯೋಗವನ್ನು ಎಚ್ಚರದಿಂದ ಮಾಡಿ ನೋಡಿದರೂ ಅದು ಮಹಾಪ್ರಬಂಧದ ಒಂದು ಅಧ್ಯಾಯಕ್ಕೆ ತಕ್ಕ ಕೆಲಸವೇ.

ಮತ್ತೊಬ್ಬ ಸದಸ್ಯರ ಪ್ರಶ್ನೆ:
ಅತಿಥಿಗಳನ್ನು ಕೇಳುವುದೇ ಬೇಡವೆಂದು, ಪ್ರವಾಸಿ ಜಾಲತಾಣಗಳಲ್ಲಿ ಬರುವ ಹೋಟೆಲ್ ವಿಮರ್ಶೆಗಳನ್ನೇ ದತ್ತಾಂಶವಾಗಿ ಬಳಸಬಹುದೇ?

ಉತ್ತರ:
ಬಳಸಬಹುದು, ಆದರೆ ಬರೆಯಲು ಯಾರಿಗೆ ಅವಕಾಶವಿದೆ ಎಂಬುದನ್ನು ನೋಡಿಕೊಂಡು. ಮೇಜ್ಲಿನ್, ಡೋವರ್ ಮತ್ತು ಶೆವಲಿಯೆ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನೇ ಆಧಾರವಾಗಿ ಇಟ್ಟುಕೊಂಡಿತು. ಆಗ ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ವಿಮರ್ಶೆ ಬರೆಯಬಹುದಿತ್ತು. ಎಕ್ಸ್‌ಪೀಡಿಯಾದಲ್ಲಿ ಅದರ ಮೂಲಕ ಕೊಠಡಿ ಕಾದಿರಿಸಿ ತಂಗಿದವರು ಮಾತ್ರ ಬರೆಯಬಹುದಿತ್ತು. ಒಂದೇ ಹೋಟೆಲಿನ ವಿಮರ್ಶೆಗಳನ್ನು ಎರಡೂ ಕಡೆ ಹೋಲಿಸಿ, ಪಕ್ಕದಲ್ಲೇ ಸ್ವತಂತ್ರ ಮಾಲೀಕತ್ವದ ಹೋಟೆಲಿದ್ದಾಗ ಮೊದಲನೆಯ ತಾಣದಲ್ಲಿ ತೀರಾ ಕೆಟ್ಟ ವಿಮರ್ಶೆಗಳ ಪ್ರಮಾಣ ಹೆಚ್ಚಾಗಿರುವುದನ್ನು ಅವರು ಕಂಡುಕೊಂಡರು. ಯಾವ ವಿಮರ್ಶೆ ಸುಳ್ಳು ಎಂದು ಒಂದೊಂದಾಗಿ ಪತ್ತೆ ಮಾಡದೆ, ಎರಡು ತಾಣಗಳ ನಿಯಮಗಳ ವ್ಯತ್ಯಾಸದಿಂದಲೇ ತೀರ್ಮಾನಕ್ಕೆ ಬಂದದ್ದು ಅದರ ಸೊಗಸು. ನೀವು ಒಂದೇ ತಾಣವನ್ನು ಹಿಡಿದುಕೊಂಡರೆ ಅಂತಹ ಹೋಲಿಕೆ ಕೈತಪ್ಪುತ್ತದೆ.

ಇನ್ನೊಬ್ಬರ ಪ್ರಶ್ನೆ:
ನನ್ನ ಕೆಲಸ ಹೋಟೆಲಿನದ್ದಲ್ಲ, ಕಾಡಿನ ಚಾರಣ ತಾಣಗಳದ್ದು. ದಿನಕ್ಕೆ ಎಷ್ಟು ಜನರನ್ನು ಬಿಡಬಹುದು ಎಂಬ ಧಾರಣಾ ಸಾಮರ್ಥ್ಯದ ಸಂಖ್ಯೆಯನ್ನು ಕಂಡುಹಿಡಿಯುವ ಸೂತ್ರವಿದೆಯೇ?

ಉತ್ತರ:
ಸೂತ್ರದಿಂದ ಸಂಖ್ಯೆಯೇನೋ ಬರುತ್ತದೆ, ಆದರೆ ನಾನು ಅದನ್ನು ನೆಚ್ಚುವುದಿಲ್ಲ. ಮನರಂಜನೆಗೆ ಬಳಸುವ ಕಾಡುಗಳ ಧಾರಣಾ ಸಾಮರ್ಥ್ಯದ ಬಗ್ಗೆ 1964ರಲ್ಲಿ ಬರೆದ ವಾಗರ್ ಅವರೇ, ಇದು ನೆಲ ಮತ್ತು ಗಿಡಮರಗಳ ಲೆಕ್ಕ ಮಾತ್ರವಲ್ಲ, ಜನ ಅಲ್ಲಿ ಎಂತಹ ಅನುಭವ ಬಯಸುತ್ತಾರೆ ಎಂಬುದರ ಮೇಲೂ ನಿಂತಿದೆ ಎಂದು ವಾದಿಸಿದ್ದರು. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸ್ಟಾಂಕಿ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿ, ಎಷ್ಟು ಜನ ಎನ್ನುವ ಬದಲು ಎಷ್ಟರ ಮಟ್ಟಿನ ಬದಲಾವಣೆಯನ್ನು ಒಪ್ಪಬಹುದು ಎಂದು ಕೇಳುವ ಪದ್ಧತಿಯನ್ನು ರೂಪಿಸಿದರು. ಬಿಡಾರದ ಜಾಗದಲ್ಲಿ ಬರಿದಾದ ನೆಲದ ಅಳತೆ, ದಾರಿಯಲ್ಲಿ ದಿನಕ್ಕೆ ಎದುರಾಗುವ ಇತರ ತಂಡಗಳ ಸಂಖ್ಯೆ ಮುಂತಾದ ಸೂಚಕಗಳಿಗೆ ಮಿತಿ ಗೊತ್ತುಮಾಡಿ, ಆ ಮಿತಿ ಮೀರುತ್ತಿದೆಯೇ ಎಂದು ವರ್ಷವರ್ಷವೂ ಅಳೆಯುತ್ತಾ ಹೋಗಬೇಕು. ಐವತ್ತು ಮಂದಿ ಸದ್ದಿಲ್ಲದೆ ನಡೆದು ಹೋಗುವುದಕ್ಕಿಂತ ಐದು ಮಂದಿ ಬೆಂಕಿ ಹಾಕಿ ಬಿಡಾರ ಹೂಡುವುದರಿಂದ ಹೆಚ್ಚು ಹಾನಿಯಾಗಬಹುದು. ತಲೆ ಎಣಿಕೆಯ ಸೂತ್ರಕ್ಕೆ ಇದು ಗೊತ್ತಾಗುವುದಿಲ್ಲ.

ಮೊದಲು ಕೇಳಿದವರ ಮರುಪ್ರಶ್ನೆ:
ಮೇಡಂ, ಪ್ರಶ್ನಾವಳಿಯನ್ನು ಪೂರ್ತಿ ಬಿಡುವಂತಿಲ್ಲ, ಮಾರ್ಗದರ್ಶಕರು ಅದನ್ನು ಈಗಾಗಲೇ ಒಪ್ಪಿದ್ದಾರೆ. ಕ್ಷೇತ್ರಕಾರ್ಯಕ್ಕೆ ಇಳಿಯುವ ಮುನ್ನ ಅದರಲ್ಲಿ ಏನನ್ನು ತಿದ್ದಿಕೊಳ್ಳಲಿ?

ಉತ್ತರ:
ಬಿಡಬೇಕಾಗಿಲ್ಲ. ಮತ್ತೆ ಬರುತ್ತೀರಾ ಎಂಬ ಪ್ರಶ್ನೆಯ ಪಕ್ಕದಲ್ಲಿ, ಈ ಹೋಟೆಲಿನಲ್ಲಿ ಹಿಂದೆ ಎಷ್ಟು ಸಲ ತಂಗಿದ್ದಿರಿ, ಈ ಸಲ ಇದನ್ನು ಆಯ್ದುಕೊಂಡವರು ನೀವೋ ನಿಮ್ಮ ಕಚೇರಿಯೋ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿ. ಕಚೇರಿ ಕಾದಿರಿಸಿದ ಕೊಠಡಿಯಲ್ಲಿ ತಂಗಿದವರ ತೃಪ್ತಿಗೂ ಅವರು ಮತ್ತೆ ಬರುವುದಕ್ಕೂ ಸಂಬಂಧವೇ ಇಲ್ಲದಿರಬಹುದು. ಅವರನ್ನು ಪ್ರತ್ಯೇಕವಾಗಿ ವಿಶ್ಲೇಷಿಸಬೇಕು. ಅಂಥವರು ಕಾಲು ಭಾಗದಷ್ಟಿದ್ದರೆ ನಿಮ್ಮ 400ರಲ್ಲಿ ಉಳಿಯುವುದು 300 ಮಾತ್ರ. ಮಾದರಿಯ ಗಾತ್ರವನ್ನು ಆ ಉಪಗುಂಪುಗಳನ್ನು ಕಣ್ಣಮುಂದೆ ಇಟ್ಟುಕೊಂಡು ನಿರ್ಧರಿಸಿ. ಪ್ರಬಂಧದ ಶೀರ್ಷಿಕೆಯಲ್ಲಿ ಮರುಭೇಟಿ ಎಂದಿರುವ ಕಡೆ ಮರುಭೇಟಿಯ ಉದ್ದೇಶ ಎಂದು ಬದಲಿಸಲು ಮಾರ್ಗದರ್ಶಕರ ಬಳಿ ಈಗಲೇ ಮಾತನಾಡಿ. ಮುದ್ರಣಕ್ಕೆ ಕೊಡುವ ಮುನ್ನ ಬೇರೆ ಬೇರೆ ವಯಸ್ಸಿನ ಕೆಲವು ಅತಿಥಿಗಳನ್ನು ಕೂರಿಸಿಕೊಂಡು, 22 ಹೇಳಿಕೆಗಳನ್ನೂ ಅವರಿಂದ ಗಟ್ಟಿಯಾಗಿ ಓದಿಸಿ, ಪ್ರತಿಯೊಂದಕ್ಕೂ ಅವರು ಏನೆಂದು ಅರ್ಥ ಮಾಡಿಕೊಂಡರೆಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಟಿಪ್ಪಣಿಗಳನ್ನು ಇಲ್ಲಿ ಹಂಚಿಕೊಂಡರೆ ಯಾವ ಹೇಳಿಕೆಗಳನ್ನು ಬದಲಿಸಬೇಕೆಂದು ಒಟ್ಟಿಗೆ ನೋಡೋಣ.