ಆಟಿಕೆಗಾಗಿ ಕಿತ್ತಾಟ: ನಿಮ್ಮ ತರಗತಿಯಲ್ಲಿ ಹೇಗೆ ನಿಭಾಯಿಸುತ್ತೀರಿ?

ಹೊಸ ಟೀಚರ್ ಒಬ್ಬರ ಪ್ರಶ್ನೆ:
ಮೂರರಿಂದ ನಾಲ್ಕು ವರ್ಷದ ಮಕ್ಕಳ ತರಗತಿಗೆ ಈಗಷ್ಟೇ ಸೇರಿದ್ದೇನೆ. ಆಟದ ಹೊತ್ತು ಬಂದರೆ ಸಾಕು, ಕಿತ್ತಾಟ ಶುರು. ಇರುವ ಒಂದು ಲಾರಿ ಎಲ್ಲರಿಗೂ ಬೇಕು. ‘ಹಂಚಿಕೊಂಡು ಆಡಿ’ ಅಂತ ಹೇಳಿ ಹೇಳಿ ಸಾಕಾಗಿದೆ. ಒಬ್ಬರಿಂದ ಇಸಿದು ಇನ್ನೊಬ್ಬರಿಗೆ ಕೊಟ್ಟರೆ ಅಳು. ‘ಬರೀ ಆಟ ಆಡಿಸ್ತೀರಿ, ಕಲಿಸೋದು ಯಾವಾಗ?’ ಅಂತ ಪೋಷಕರು ಬೇರೆ ಕೇಳುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ನರ್ಸರಿ ಟೀಚರ್:
ಮೇಡಂ, ಗಾಬರಿ ಬೇಡ. ಈ ವಯಸ್ಸಿಗೆ ಇದು ಸಹಜ. 1932ರಲ್ಲೇ ಮಿಲ್ಡ್ರೆಡ್ ಪಾರ್ಟೆನ್ ಎಂಬ ಸಂಶೋಧಕಿ ನರ್ಸರಿ ಮಕ್ಕಳ ಆಟವನ್ನು ಗಮನಿಸಿ ಬರೆದಿದ್ದರು. ಚಿಕ್ಕವರು ಒಬ್ಬೊಬ್ಬರೇ ಆಡುತ್ತಾರೆ, ಇಲ್ಲವೇ ಪಕ್ಕಪಕ್ಕ ಕೂತರೂ ತಮ್ಮ ಪಾಡಿಗೆ ತಾವು ಆಡುತ್ತಾರೆ. ಕೂಡಿ ಆಡುವುದು ವಯಸ್ಸಾಗುತ್ತಾ ಹೆಚ್ಚುತ್ತದೆ. ನಿಮ್ಮ ತರಗತಿಯಲ್ಲಿ ಎಲ್ಲ ಥರದವರೂ ಇರುತ್ತಾರೆ, ಅಲ್ವಾ?

ನಾನು ‘ಹಂಚಿಕೋ’ ಅನ್ನುವುದಿಲ್ಲ, ಸರದಿ ಹೇಳಿಕೊಡುತ್ತೇನೆ. ಲಾರಿ ಯಾರ ಕೈಯಲ್ಲಿದೆಯೋ, ಅವರ ಆಟ ಮುಗಿಯುವ ತನಕ ಅವರದ್ದೇ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಕೇಳಲು ಬಾರದ ಮಗುವಿನ ಪಕ್ಕ ಕೂತು ಮಾತು ಹೇಳಿಕೊಡುತ್ತೇನೆ: ‘ನಿನ್ನ ಆಟ ಆದ್ಮೇಲೆ ನಂಗೆ ಕೊಡ್ತೀಯಾ?’ ಲಾರಿ ಹಿಡಿದ ಮಗು ಮೊದಲು ಅದನ್ನು ಎದೆಗೆ ಅವಚಿಕೊಳ್ಳುತ್ತದೆ. ಯಾರೂ ಕಿತ್ತುಕೊಳ್ಳುವುದಿಲ್ಲ ಅಂತ ಗೊತ್ತಾದ ಮೇಲೆ ಹಿಡಿತ ಸಡಿಲವಾಗುತ್ತದೆ. ಇನ್ನೆರಡು ಸುತ್ತು ಓಡಿಸಿ, ತಾನೇ ತಂದು ‘ತಗೋ’ ಅನ್ನುತ್ತದೆ. ಆಗ ಆ ಮುಖ ನೋಡಬೇಕು! ನಾವು ಇಸಿದು ಕೊಟ್ಟರೆ ಆ ಖುಷಿ ಅದಕ್ಕೆ ಸಿಗುವುದಿಲ್ಲ. 2013ರ ಒಂದು ಅಧ್ಯಯನದಲ್ಲೂ ಇದೇ ಕಂಡಿದೆ. ಕೊಡಲೇಬೇಕು ಅಂತ ಹೇಳಿಸಿಕೊಂಡ ಮಕ್ಕಳಿಗಿಂತ, ಕೊಡುವುದೋ ಬಿಡುವುದೋ ತಾವೇ ಆರಿಸಿ ಕೊಟ್ಟ ಮಕ್ಕಳು ಮುಂದಿನ ಸಲ ಜಾಸ್ತಿ ಕೊಟ್ಟರು.

ಕಾಯುವ ಮಗುವನ್ನು ಸುಮ್ನೆ ಕೂರಿಸಬೇಡಿ. ‘ಬಾ, ಲಾರಿಗೆ ರಸ್ತೆ ಮಾಡೋಣ’ ಅನ್ನಿ. ಎಷ್ಟೋ ಸಲ ಲಾರಿಯ ಮಗು ತಾನಾಗೇ ಆ ರಸ್ತೆಗೆ ಬಂದುಬಿಡುತ್ತದೆ. ಹೊಡೆಯಲು, ಕಚ್ಚಲು ಹೋದರೆ ಮಾತ್ರ ತಕ್ಷಣ ಮಧ್ಯೆ ಹೋಗಿ.

ಅವಳಿ ಮಕ್ಕಳ ಅಮ್ಮ:
ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳಿ. ಉಯ್ಯಾಲೆ, ಮೂರು ಗಾಲಿ ಸೈಕಲ್‌ಗೆ ಚೆನ್ನಾಗಿ ಆಗುತ್ತದೆ. ಮಕ್ಕಳೇ ಅದನ್ನು ತಿರುಗಿಸಲಿ. ಬ್ಲಾಕ್ಸ್ ಕಟ್ಟುವಾಗ ಮಾತ್ರ ಬೇಡ. ಅರ್ಧ ಕಟ್ಟಿದ ಮನೆ ಬಿಟ್ಟು ಏಳು ಅಂದರೆ ಯಾರಿಗೆ ತಾನೇ ಇಷ್ಟ?

ಶಿಶುವಿಹಾರ ನಡೆಸುವವರು:
ಒಬ್ಬರಿಂದ ಆಗದ ಕೆಲಸ ಕೊಟ್ಟು ನೋಡಿ. ಹಳೆಯ ಬೆಡ್‌ಶೀಟಿನ ಮೂಲೆಗಳನ್ನು ನಾಲ್ವರು ಹಿಡಿದು ಚೆಂಡು ಕುಣಿಸುವುದು. ಮರಳು ತುಂಬಿದ ಬಕೆಟ್ಟನ್ನು ಇಬ್ಬರು ಸೇರಿ ಹೊರುವುದು. ಒಂದೇ ದೊಡ್ಡ ಹಾಳೆಗೆ ಎಲ್ಲರೂ ಬಣ್ಣ ಹಚ್ಚುವುದು. ಚೆಂಡು ಬಿದ್ದರೆ ನಾಲ್ವರೂ ನಗುತ್ತಾರೆ, ನಾಲ್ವರೂ ಓಡುತ್ತಾರೆ. ಚೆಂಡು ಯಾರದ್ದು ಅನ್ನುವ ಮಾತೇ ಬರುವುದಿಲ್ಲ.

2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಮೂರು ವರ್ಷದ ಮಕ್ಕಳಿಬ್ಬರು ಸೇರಿ ಹಗ್ಗ ಎಳೆದರೆ ಬಹುಮಾನ ಸಿಗುತ್ತಿತ್ತು. ಒಬ್ಬರ ಕಡೆಗೆ ಜಾಸ್ತಿ ಬಂದಾಗ, ಒಟ್ಟಿಗೆ ಎಳೆದ ಮಕ್ಕಳು ಸಮ ಮಾಡಿಕೊಂಡದ್ದೇ ಹೆಚ್ಚು. ಏನೂ ಮಾಡದೆ ಬಹುಮಾನ ಸಿಕ್ಕವರಲ್ಲಿ ಅದು ಕಡಿಮೆ. ಅದಕ್ಕೇ ನಾನು ಆಟಿಕೆಗಿಂತ ಮೊದಲು ಕೂಡಿ ಮಾಡುವ ಕೆಲಸ ಯೋಚಿಸುತ್ತೇನೆ. ಎಲ್ಲರ ಅಚ್ಚುಮೆಚ್ಚಿನ ಆಟಿಕೆ ಇನ್ನೊಂದು ಇದ್ದರೆ ಅದನ್ನೂ ಇಡಿ, ಅದರಲ್ಲಿ ತಪ್ಪೇನಿಲ್ಲ. ಮನೆಯಿಂದ ತಂದ ಗೊಂಬೆ ಮಾತ್ರ ಬ್ಯಾಗಲ್ಲೇ ಇರಲಿ.

ಮತ್ತೊಬ್ಬ ಟೀಚರ್:
ಪೋಷಕರ ಪ್ರಶ್ನೆಗೆ ನಾನು ಹೇಳುತ್ತೇನೆ. ಮರದ ಬ್ಲಾಕ್ಸ್ ಹತ್ತಿರ ಕೂತು ಮಕ್ಕಳ ಮಾತು ಕೇಳಿ. ಒಂದು ದಿನ ಉದ್ದದ ಬ್ಲಾಕ್ ಒಂದೇ ಉಳಿದಿತ್ತು, ಇಬ್ಬರಿಗೂ ಸೇತುವೆಗೆ ಅದೇ ಬೇಕು. ಒಬ್ಬಳು ಎರಡು ಗಿಡ್ಡ ಬ್ಲಾಕ್ ತಂದು ಉದ್ದದ್ದರ ಪಕ್ಕ ಇಟ್ಟು ನೋಡಿದಳು. ಸರಿಯಾಗಿ ಅಷ್ಟೇ ಇತ್ತು! ‘ಇದು ಎರಡು ಸೇರಿದ್ರೆ ಅದೇ ಆಗುತ್ತೆ’ ಅಂದಳು. ಆದರೆ ಸೇತುವೆ ಮೇಲೆ ಇಟ್ಟರೆ ನಡುವೆ ಕುಸಿಯಿತು. ಆಗ ಕೆಳಗೆ ಇನ್ನೊಂದು ಕಂಬ ನಿಲ್ಲಿಸಿದರು. ಅರ್ಧ ಅಂದರೇನು, ಭಾರಕ್ಕೆ ಆಸರೆ ಎಲ್ಲಿ ಬೇಕು, ಎರಡೂ ಆಟದಲ್ಲೇ ಬಂತು. ‘ನಂಗೊಂದು, ನಿಂಗೊಂದು’ ಅಂತ ಹಂಚುವುದೂ ಲೆಕ್ಕವೇ. ಒಂದಕ್ಕೊಂದು ಜೋಡಿಸಿ ಎಣಿಸುವುದು ಶುರುವಾಗುವುದು ಅಲ್ಲಿಂದಲೇ.

ಇಂಥ ಮಾತುಗಳನ್ನು ನಾನು ಚೀಟಿಯಲ್ಲಿ ಬರೆದು ಬಾಗಿಲ ಬಳಿ ಅಂಟಿಸುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರು ನಿಂತು ಓದುತ್ತಾರೆ. ಸಾಧ್ಯವಾದರೆ ಪೋಷಕರನ್ನು ಆಟದ ಹೊತ್ತಿಗೇ ಕರೆದು, ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿ ಆಡಿಸಿ.