ಓಣಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮದು ಬೆಳಗಾವಿಯ ಚಿಕ್ಕ ಕ್ಲಬ್. ದೊಡ್ಡವರ ತಂಡ ಇದೆ. ಈಗ ಸುತ್ತಲಿನ ಓಣಿಗಳ 6ರಿಂದ 14 ವರ್ಷದ ಮಕ್ಕಳಿಗೆ ಸಂಜೆ ಹೊತ್ತು ಕಲಿಸೋಣ ಅಂತ ಇದ್ದೇವೆ. ದುಡ್ಡು ಕಡಿಮೆ, ಮೈದಾನವೂ ನಮ್ಮದಲ್ಲ. ಮಾಡಿ ಗೊತ್ತಿದ್ದವರು ಹೇಳಿ.

ಮಕ್ಕಳಿಗೆ ಕಲಿಸುವವನು, ಬೆಳಗಾವಿಯ ಕ್ಯಾಂಪ್ ಬಡಾವಣೆ:
ಸರ್, ದಯವಿಟ್ಟು ಸೆಲೆಕ್ಷನ್ ಇಡಬೇಡಿ. ಟ್ರಯಲ್ಸ್ ಅಂತ ಹೇಳಿದ ಕೂಡಲೇ ಆಗಲೇ ಚೆನ್ನಾಗಿ ಆಡುವವರು ಮಾತ್ರ ಬರುತ್ತಾರೆ, ಉಳಿದವರು ಕಾಂಪೌಂಡ್ ಮೇಲೆ ಕೂತು ನೋಡುತ್ತಾರೆ. ಒಂದೇ ವಯಸ್ಸಿನ ಗುಂಪು ಅಂದರೂ ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಹೆಚ್ಚೂಕಡಿಮೆ ಒಂದು ವರ್ಷ ದೊಡ್ಡವನು. ಅವನು ಜೋರಾಗಿ ಓಡಿದರೆ ನಾವು ಅದನ್ನೇ ಪ್ರತಿಭೆ ಅಂದುಕೊಂಡು ಅವನಿಗೇ ಜಾಸ್ತಿ ಆಡಿಸುತ್ತೇವೆ, ಚಿಕ್ಕವನು ಬೇಜಾರಾಗಿ ಬಿಟ್ಟು ಹೋಗುತ್ತಾನೆ. ಬಂದವರನ್ನೆಲ್ಲ ಆಡಿಸಿ.

ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಕಿಕ್ ಕೊಡುವುದೂ ಬೇಡ. ಸುಮ್ನೆ ನಿಂತೇ ಅರ್ಧ ಹೊತ್ತು ಹೋಗುತ್ತದೆ. ಚಿಕ್ಕವರಿಗೆ ನಾಲ್ಕು ನಾಲ್ಕು ಜನರ ಆಟ ಸಾಕು, ಗೋಲಿಗೆ ಎರಡು ಚಪ್ಪಲಿ, ಕೀಪರ್ ಬೇಡ. ಹನ್ನೊಂದು ಜನರ ಆಟದಲ್ಲಿ ಎಷ್ಟೋ ಮಕ್ಕಳ ಕಾಲಿಗೆ ಚೆಂಡೇ ಸಿಗಲ್ಲ, ಇಲ್ಲಿ ಎಲ್ಲರಿಗೂ ಮತ್ತೆ ಮತ್ತೆ ಸಿಗುತ್ತದೆ. ಇದ್ದ ದುಡ್ಡನ್ನು ಜೆರ್ಸಿಗೆ ಹಾಕಬೇಡಿ, ಚೆಂಡಿಗೆ ಹಾಕಿ. ಸೈಜ್ ಸರಿ ನೋಡಿ: ತೀರಾ ಚಿಕ್ಕವರಿಗೆ 3, ಎಂಟರಿಂದ ಹನ್ನೆರಡರವರಿಗೆ 4, ಆಮೇಲೆ 5. ಆರು ವರ್ಷದವನ ಮುಂದೆ ಸೈಜ್ 5 ಇಟ್ಟರೆ ಕಾಲು ನೋವು ಅಂತ ಮರುದಿನ ಬರಲ್ಲ. ಚಿಕ್ಕವರಿಗೆ ಹೆಡರ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಕಲಿಸಬೇಡಿ. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆಯೇ 2020ರಲ್ಲಿ ಪ್ರೈಮರಿ ಶಾಲೆ ವಯಸ್ಸಿನ ಮಕ್ಕಳ ಪ್ರಾಕ್ಟೀಸ್‌ನಲ್ಲಿ ಹೆಡರ್ ಬೇಡ ಅಂತ ಹೇಳಿದೆ.

ಇನ್ನೊಂದು. ನಮ್ಮೂರಲ್ಲಿ ಒಬ್ಬ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಒಬ್ಬ ಮರಾಠಿ, ಇನ್ನೊಬ್ಬ ಉರ್ದು ಅಥವಾ ಕೊಂಕಣಿ. ಬಿಟ್ಟರೆ ಮಕ್ಕಳು ತಮ್ಮ ತಮ್ಮ ಓಣಿಯವರ ಜೊತೆಗೇ ನಿಲ್ಲುತ್ತಾರೆ. ಬಿಬ್ (ತಂಡ ಗುರುತಿಸಲು ಅಂಗಿಯ ಮೇಲೆ ಹಾಕುವ ಬಣ್ಣದ ತೋಳಿಲ್ಲದ ಬನಿಯನ್) ನೀವೇ ಹಂಚಿ, ಪ್ರತಿದಿನ ಬೇರೆ ಬೇರೆ ತಂಡ ಮಾಡಿ. ಪಾಸ್ ಬೇಕು ಅಂದರೆ ಹೆಸರು ಹಿಡಿದು ಕೂಗಲೇಬೇಕಲ್ವಾ, ಬೇಗ ದೋಸ್ತಿ ಆಗುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವುದು ಇದೇ.

ಮತ್ತೆ ಮಳೆ. ಜೂನ್ ಬಂದರೆ ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ಲ. ಪೂರ್ತಿ ಬಂದ್ ಮಾಡಿದರೆ ಮಕ್ಕಳು ತಿರುಗಿ ಬರುವುದು ಕಷ್ಟ. ಯಾವುದಾದರೂ ಶಾಲೆಯ ಹಾಲ್ ಈಗಲೇ ಕೇಳಿಡಿ.

ಇಬ್ಬರು ಹೆಣ್ಣುಮಕ್ಕಳ ತಾಯಿ, ವಡಗಾವಿ:
ಅಣ್ಣಾ, ಹುಡುಗಿಯರೂ ಬರಲಿ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ. ಮೈದಾನದ ಹತ್ತಿರ ಟಾಯ್ಲೆಟ್ ಇದೆಯಾ? ಕತ್ತಲಾಗುವ ಮೊದಲು ಮುಗಿಯುತ್ತದಾ? ಕಲಿಸುವವರಲ್ಲಿ ಒಬ್ಬರಾದರೂ ಹೆಂಗಸರು ಇದ್ದಾರಾ? ನಾವು ತಾಯಂದಿರು ಮೊದಲು ಕೇಳುವುದು ಇದನ್ನೇ. ನನ್ನ ದೊಡ್ಡ ಮಗಳು ಒಬ್ಬಳೇ ಹುಡುಗಿ ಅಂತ ಒಂದು ಕಡೆ ಬಿಟ್ಟುಬಿಟ್ಟಳು. ಚಿಕ್ಕವಳ ಜೊತೆ ಅವಳ ಕ್ಲಾಸಿನ ಗೆಳತಿಯರೂ ಸೇರಿದರು, ಅವಳು ಇನ್ನೂ ಆಡುತ್ತಿದ್ದಾಳೆ. ಮನೆಮನೆಗೆ ಹೋಗಿ ಮೂರ್ನಾಲ್ಕು ಹುಡುಗಿಯರನ್ನು ಒಟ್ಟಿಗೇ ಸೇರಿಸಿಕೊಳ್ಳಿ. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಆಡುತ್ತೇನೆ ಅಂದರೆ ಆಡಲಿ ಬಿಡಿ, ಶಾರ್ಟ್ಸ್ ಬೇಕೇಬೇಕು ಅಂತ ಹಟ ಮಾಡಬೇಡಿ.

ಪಿ.ಟಿ. ಟೀಚರ್, ಟಿಳಕವಾಡಿ:
ಸುತ್ತಲಿನ ಶಾಲೆಗಳ ಪಿ.ಟಿ. ಟೀಚರ್‌ಗಳನ್ನು ಹೋಗಿ ಭೇಟಿಯಾಗಿ. ನಮಗೂ ಸಹಾಯ ಬೇಕಾಗಿದೆ. 1960ರಿಂದ ನಡೆಯುತ್ತಿರುವ ದೇಶಮಟ್ಟದ ಫುಟ್‌ಬಾಲ್ ಟೂರ್ನಿ ಸುಬ್ರತೋ ಕಪ್‌ನಲ್ಲಿ ಶಾಲೆಗಳ ತಂಡಗಳೇ ಆಡುವುದು, ಅದರಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಭಾಗವೂ ಇದೆ. ನೀವು ಸಂಜೆ ಕಲಿಸಿದ ಮಕ್ಕಳು ನಮ್ಮ ಶಾಲೆಗೆ ಆಡಿದರೆ ಮೈದಾನದ ಮಾತು ಹೆಡ್‌ಮಾಸ್ಟರ್ ಹತ್ತಿರ ನಾವೇ ಆಡುತ್ತೇವೆ. ಸೇರಿಸಿಕೊಳ್ಳುವ ದಿನವೇ ಜನ್ಮ ಪ್ರಮಾಣಪತ್ರದ ಜೆರಾಕ್ಸ್, ಮನೆಯವರ ಫೋನ್ ನಂಬರ್, ಉಬ್ಬಸ ಅಥವಾ ಫಿಟ್ಸ್ ಏನಾದರೂ ಇದೆಯಾ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಏಪ್ರಿಲ್ ರಜೆಯಲ್ಲಿ ಶುರು ಮಾಡುವುದಾದರೆ ನಮ್ಮ ಶಾಲೆಯ ಮಕ್ಕಳನ್ನು ನಾನೇ ಕರೆದುಕೊಂಡು ಬರುತ್ತೇನೆ.