ಅಪ್‌ಡೇಟ್: ಅಲಸಂದೆ ಬಳ್ಳಿಯ ಹಸಿರು ಹುಳು ಶತ್ರು ಅಲ್ಲ!

ಮೂರು ವಾರದ ಹಿಂದೆ ಕೇಳಿದ್ದೆ, ನೆನಪಿದೆಯಾ? ಟೆರೇಸಿನ ಅಲಸಂದೆ ಕುಡಿ ತುಂಬಾ ಕಪ್ಪು ಗಿಡಹೇನು, ಅದರ ಮಧ್ಯೆ ಕಾಲಿಲ್ಲದ ಹಸಿರು ಹುಳು, ಬೇವಿನೆಣ್ಣೆ ಹೊಡೆಯಲಾ ಅಂತ. ಬೇಡ, ಅದು ಹೋವರ್‌ಫ್ಲೈ (ಜೇನಿನ ಹಾಗೆ ಕಾಣುವ ನೊಣ) ಮರಿ, ಹೇನು ತಿನ್ನುತ್ತೆ, ಸುಮ್ನೆ ಬಿಡಿ ಅಂದಿರಿ. ಬಿಟ್ಟೆ.

ನಿಜ ಹೇಳಬೇಕಂದ್ರೆ ಮೊದಲ ನಾಲ್ಕು ದಿನ ನಿಮ್ಮನ್ನೆಲ್ಲ ಬೈದುಕೊಂಡೆ, ಹೇನು ಜಾಸ್ತಿಯೇ ಆಯಿತು. ಆಮೇಲೆ ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತೆ. ಆ ಹುಳುವಿಗೆ ಕಣ್ಣೇ ಇಲ್ಲ. ತಲೆಯನ್ನು ಆಕಡೆ ಈಕಡೆ ತಡಕಾಡಿಸುತ್ತಾ ಹೋಗಿ, ಒಂದು ಹೇನು ತಗುಲಿದ ತಕ್ಷಣ ಕಚ್ಚಿ ಮೇಲೆತ್ತಿ, ರಸ ಹೀರಿ, ಒಣ ಸಿಪ್ಪೆಯನ್ನು ಬಿಸಾಕಿತು. ಕಾಫಿ ಆರಿಹೋಯಿತು, ನಾನು ಏಳಲಿಲ್ಲ.

ಒಂದು ತೊಂದರೆ ಇತ್ತು, ಇರುವೆ. ಹೇನಿನ ಸಿಹಿ ಅಂಟಿಗೋಸ್ಕರ ಅವು ಕಾವಲು ನಿಂತು ಈ ಹುಳುಗಳನ್ನು ಓಡಿಸುತ್ತವೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು, ಗೋಡೆಗೆ ತಾಗಿದ್ದ ಬಳ್ಳಿಯನ್ನು ಬಿಡಿಸಿದೆ. ಅಲ್ಲಿಂದಲೇ ಆಟ ಬದಲಾಗಿದ್ದು.

ಈಗ ಕುಡಿಗಳು ಹೆಚ್ಚುಕಮ್ಮಿ ಸ್ವಚ್ಛ, ಹೇನು ತಿನ್ನುವ ಗುಲಗಂಜಿ ಹುಳುಗಳೂ ಬಂದಿವೆ. ಎರಡು ಬಳ್ಳಿ ಮಾತ್ರ ಮುರುಟಿ ಹೋದವು, ಕಿತ್ತೆ. ಹೂ ಬಿಟ್ಟ ಕೊತ್ತಂಬರಿ, ಸಬ್ಬಸಿಗೆಯನ್ನು ಕೀಳದೆ ಬಿಟ್ಟಿದ್ದೇನೆ, ಬೆಳೆದ ಹೋವರ್‌ಫ್ಲೈ ನೊಣಕ್ಕೆ ಮಕರಂದ, ಪರಾಗವೇ ಊಟ ಅಲ್ವಾ. ಅತ್ತೆ ಆ ನೊಣವನ್ನು ನೋಡಿ ಜೇನು ಅಂತ ಹೆದರಿದ್ದರು. ರೆಕ್ಕೆ ಎರಡೇ, ಕುಟುಕಲ್ಲ ಅಂದೆ. ನಂಬಿಲ್ಲ ಇನ್ನೂ.